ಗಾಲಿಯ ಮೇಲಿನ ಬಿಡಾರ

ನಮ್ಮ ತಂದೆಯವರ ಕಾಲದಲ್ಲಿ ದೂರದ ಪ್ರಯಾಣವೆಂದರೆ ಚಕ್ಕಡಿಯ ಪ್ರಯಾಣವೇ ಸರಿ. ಬನದ ಹುಣ್ಣಿಮೆ ಸಮೀಪಿಸಿತೆಂದರೆ ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಹೊರಡುವ ಬಂಡಿಗಳಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ತಟ್ಟು ಹೊದಿಸಿ, ಒಳಗೆ ಕಣಿಕೆಯನ್ನು ಹರವಿ ಅದರ ಮೇಲೆ ಜಮಖಾನೆ ಹಾಸುತ್ತಿದ್ದರು. ಎತ್ತು ದಣಿದಲ್ಲಿ ಬಿಡಾರ, ನೀರು ಕಂಡಲ್ಲಿ ಅಡಿಗೆ. ಬೆಳಗಿನ ಜಾವದಲ್ಲಿ ಮಿಕ್ಕವರೆಲ್ಲರೂ ಮಲಗಿರುವಾಗ ತಂದೆಯವರು ಕಂದೀಲು ಹಿಡಿದುಕೊಂಡು ಬಂಡಿಯ ಸುತ್ತಲೂ ಒಮ್ಮೆ ಬರುತ್ತಿದ್ದರು. ಗಾಲಿಯ ಕೀಲನ್ನು ಬೆರಳಿನಿಂದ ಅಲುಗಿಸಿ ನೋಡುವರು, ಅಚ್ಚಿಗೆ ಕೀಲೆಣ್ಣೆ ಹಾಕುವರು, ಕಬ್ಬಿಣದ ಹಳಿ ಸಡಿಲಾಗಿದೆಯೇ ಎಂದು ಕಲ್ಲಿನಿಂದ ತಟ್ಟಿ ಕಿವಿಗೊಟ್ಟು ಕೇಳುವರು. ಅಮರಕೋಶದಲ್ಲಿ ನೇಮಿ, ನಾಭಿ, ಅಕ್ಷ, ಅಣಿ ಎಂಬ ರಥಾಂಗಗಳ ಹೆಸರುಗಳನ್ನು ನಾವು ಬಾಯಿಪಾಠ ಮಾಡಿದ್ದು ಆಮೇಲಿನ ಮಾತು. ಅಣಿಯೆಂದರೆ ಏನೆಂಬುದನ್ನು ಕೈಯಿಂದ ಮುಟ್ಟಿ ತಿಳಿದದ್ದು ಮೊದಲು.

ಈ ಹಳೆಯ ವೃತ್ತಾಂತವನ್ನು ಈಗ ಎತ್ತಲು ಕಾರಣವಿದೆ. ಕಳೆದ ವೈಶಾಖದಲ್ಲಿ ನಾವು ಐದು ಜನರು ಒಂದು ಮೊಟಾರು ವ್ಯಾನನ್ನೇ ಬಿಡಾರವಾಗಿ ಮಾಡಿಕೊಂಡು ಇಂಡಿಯಿಂದ ಹೊರಟು, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯನ್ನು ಸುತ್ತಿ, ಐದನೆಯ ರಾತ್ರಿ ಮನೆ ಸೇರಿದೆವು. ಇಂತಹ ಪ್ರವಾಸವನ್ನು ಕೈಕೊಳ್ಳಬೇಕೆಂದಿರುವ ವಾಚಕರಿಗೆ ನಮ್ಮ ಅನುಭವದಿಂದ ಎರಡು ಮಾತು ಪ್ರಯೋಜನವಾದೀತೆಂದು ಬರೆಯುತ್ತಿದ್ದೇವೆ.

ವೈಶಾಖದಲ್ಲಿ ಏಕೆ ಹೋದಿರಿ ಎಂದು ಬಲ್ಲವರು ಕೇಳದಿರರು. ನಮ್ಮ ಜಿಲ್ಲೆಯಲ್ಲಿ ಪ್ರವಾಸಕ್ಕೆ ತಕ್ಕ ಕಾಲವೆಂದರೆ ಮಾರ್ಗಶಿರ, ಪುಷ್ಯ ಮಾಸಗಳು. ಆಗ ಜೋಳದ ಹೊಲಗಳು ಎದೆಯೆತ್ತರ ನಿಂತಿರುತ್ತವೆ, ಇರುಳು ತಂಪಾಗಿರುತ್ತದೆ, ಇಂಜಿನೂ ಮನುಷ್ಯನೂ ಬಸವಳಿಯುವುದಿಲ್ಲ. ಯಾರಾದರೂ ನಮ್ಮನ್ನು ಕೇಳಿದರೆ ನಾವು ಹೇಳುವುದು ಇದನ್ನೇ. ಆದರೆ ನಾವು ಹೊರಟದ್ದು ನಮ್ಮ ಅಕ್ಕನಿಗಾಗಿ. ಅಕ್ಕನ ಊರು ಮಾರ್ಗಶಿರದಲ್ಲಿ ಕಾಣುವುದಿಲ್ಲ.

ಅಕ್ಕನಿಗೆ ಈಗ ಎಪ್ಪತ್ತಾರು ವರ್ಷ. ಆಕೆಯ ಮದುವೆಯ ಕಾಲಕ್ಕೆ ನಾವು ಕೈಕೂಸು. ಆಕೆಯನ್ನು ಕೊಟ್ಟ ಊರು ಬಾಗೇವಾಡಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಮೇಲಿತ್ತು. ಶಾಲೆಯ ಸೂಟಿಯನ್ನೆಲ್ಲ ನಾವು ಅಲ್ಲಿಯೇ ಕಳೆದೆವು. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು ಏರುತ್ತ ಏರುತ್ತ ಬಂದು, ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಆ ಊರಿನ ಜನರು ಬಾಗಿಲು, ತೊಲೆ, ಜಂತೆಗಳನ್ನು ಬಿಚ್ಚಿಕೊಂಡು ಮೇಲಿನ ಹೊಸ ಊರಿಗೆ ಹೋದರು. ಜಲಾಶಯ ತುಂಬಿ 519.60 ಮೀಟರಿಗೆ ನೀರು ನಿಂತಿತೆಂದರೆ ಅಲ್ಲೊಂದು ಊರಿತ್ತೆಂದು ಹೇಳುವ ಗುರುತೇ ಇರುವುದಿಲ್ಲ. ಬೇಸಗೆಯ ಕೊನೆಗೆ ನೀರು ಹಿಂದೆ ಸರಿದಾಗ ಮಾತ್ರ ಮೊಳಕಾಲೆತ್ತರದ ಗೋಡೆಗಳು ಕೆಲವು ದಿನ ಹೊರಬೀಳುತ್ತವೆ.

"ತಮ್ಮಾ, ಒಮ್ಮೆ ನನ್ನ ಅಂಗಳ ನೋಡಬೇಕು ಅನ್ನಿಸೇದ. ಬಸ್ಸಿನಾಗ ಕುಂಡ್ರಾಕ ನನ್ನ ಬೆನ್ನು ಕೇಳೂದಿಲ್ಲ," ಎಂದು ಅಕ್ಕ ಎರಡು ವರ್ಷಗಳಿಂದ ಹೇಳುತ್ತಲೇ ಇದ್ದಳು. ಮಲಗಿಕೊಂಡೇ ಪಯಣಿಸುವ ಅನುಕೂಲವಿಲ್ಲದೆ ಆಕೆಯನ್ನು ಕರೆದೊಯ್ಯುವಂತಿರಲಿಲ್ಲ. ಆಕೆಯ ಮಗನ, ಎಂದರೆ ನಮ್ಮ ಅಳಿಯನ, ಹಳೆಯ ವ್ಯಾನು ಅಂಗಳದಲ್ಲಿ ನಿಂತಿತ್ತು. ಅದನ್ನೇ ಸಿದ್ಧಗೊಳಿಸುವುದೆಂದು ನಿಶ್ಚಯವಾಯಿತು.

ಸಿದ್ಧತೆಯ ವಿಷಯವಾಗಿ ಮೊದಲನೆಯ ಮಾತು ಕಾಯದೆಯದು. 1988ರ ಮೋಟಾರು ವಾಹನ ಕಾಯದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದಲ್ಲಿ ಬರೆದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲಾಗದು. ಆದುದರಿಂದ ನಾವು ಯಾವ ಆಸನವನ್ನೂ ಕಿತ್ತುಹಾಕಲಿಲ್ಲ, ಮೈಗೆ ರಂಧ್ರ ಕೊರೆಯಲಿಲ್ಲ. ಹಿಂದಿನ ಆಸನಗಳನ್ನು ಮಡಿಚಿ, ಬೇಕೆಂದಾಗ ಎತ್ತಿ ತೆಗೆಯಬಹುದಾದ ಎರಡು ಬೇವಿನ ಹಲಗೆಗಳನ್ನು ಹಾಸಿ, ಮೇಲೆ ಹತ್ತಿಯ ಗಾದಿ ಹಾಕಿದೆವು. ಹಲಗೆಯ ಕೆಳಗೆ ಪಾತ್ರೆ, ಧಾನ್ಯ, ಉಪಕರಣಗಳ ಪೆಟ್ಟಿಗೆ. ಭಾರವಾದುದೆಲ್ಲ ಕೆಳಗೆ, ಎರಡು ಅಚ್ಚುಗಳ ನಡುವೆ ಇರಬೇಕು, ಹಗುರಾದುದು ಮೇಲೆ. ಛಾವಣಿಯ ಮೇಲೆ ಭಾರ ಹೇರಿದ ವಾಹನವು ತಿರುವಿನಲ್ಲಿ ಓಲಾಡುತ್ತದೆ. ಜೋಳದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ಚಕ್ಕಡಿ ಹಳ್ಳದ ಇಳಿಜಾರಿನಲ್ಲಿ ಮಗುಚುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನೀರಿನ ತೂಕವನ್ನು ಜನರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಲೀಟರು ನೀರು ಒಂದು ಕಿಲೋಗ್ರಾಂ. ನೂರು ಲೀಟರಿನ ಪೀಪಾಯಿ ಇಟ್ಟರೆ ಇಬ್ಬರು ಹೆಚ್ಚಿನ ಜನರನ್ನು ಕೂರಿಸಿದಂತಾಯಿತು. ಅದು ಅರ್ಧ ಖಾಲಿಯಾದರಂತೂ ಒಳಗಿನ ನೀರು ಅಲೆಯಾಗಿ ಹೊಯ್ದಾಡಿ ಗಾಡಿಯನ್ನೇ ಎಳೆಯುತ್ತದೆ. ಹತ್ತು ಹತ್ತು ಲೀಟರಿನ ನಾಲ್ಕು ಡಬ್ಬಿಗಳೇ ಉತ್ತಮ.

ಚಕ್ರಗಳನ್ನು ಪರೀಕ್ಷಿಸುವ ಅಧಿಕಾರವನ್ನು ಅಕ್ಕನ ಮೊಮ್ಮಗನಿಗೆ, ಹನ್ನೆರಡು ವರ್ಷದ ಬಾಲಕನಿಗೆ, ಒಪ್ಪಿಸಿದ್ದೆವು. ಗಾಳಿಯ ಒತ್ತಡವನ್ನು ಅಳೆಯತಕ್ಕದ್ದು ಬೆಳಿಗ್ಗೆ ಗಾಡಿ ಹೊರಡುವ ಮುನ್ನ, ಟಾಯರು ತಣ್ಣಗಿರುವಾಗ. ಬಿಸಿಲಿನಲ್ಲಿ ಓಡಿದ ಮೇಲೆ ಒತ್ತಡ ತಾನಾಗಿ ಏರುತ್ತದೆ. ಅದನ್ನು ಕಂಡು ಗಾಳಿ ಬಿಡುವವರು ಮರುದಿನ ಮೆತ್ತಗಿನ ಚಕ್ರದ ಮೇಲೆ ಓಡಿಸಿ ಅದನ್ನು ಸುಟ್ಟುಕೊಳ್ಳುತ್ತಾರೆ. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಒತ್ತಿರುತ್ತಾರೆ. ಮೊದಲಿನ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ನಮ್ಮ ಸ್ಟೆಪ್ನಿ ನೋಡಲು ಹೊಚ್ಚ ಹೊಸದಾಗಿತ್ತು, ಒಮ್ಮೆಯೂ ರಸ್ತೆಯನ್ನು ಮುಟ್ಟಿರಲಿಲ್ಲ. ಹುಡುಗನು ಅಂಕಿಯನ್ನು ಓದಿ ಅದು ತನಗಿಂತ ಹಿರಿಯದೆಂದು ಸಾರಿದನು. ಬೆರಳಿನಿಂದ ಬಾಗಿಸಿ ನೋಡಿದರೆ ಪಕ್ಕದಲ್ಲೆಲ್ಲ ಕೂದಲೆಳೆಯ ಬಿರುಕುಗಳು. ಬದಲಾಯಿಸಿದೆವು.

ಹೊರಟ ದಿನ ನಸುಕಿನ ಐದು ಗಂಟೆಗೇ ಇಂಡಿಯ ನಿಂಬೆಯ ತೋಟಗಳನ್ನು ದಾಟಿದೆವು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ನಿಂಬೆಯನ್ನು ಒಂದು ಬುಟ್ಟಿ ಜೊತೆಗಿಟ್ಟುಕೊಂಡಿದ್ದೆವು. ಉಪ್ಪು, ಬೆಲ್ಲ ಕೂಡಿಸಿದ ಪಾನಕದಂತಹ ಬೇಸಗೆಯ ಔಷಧ ಬೇರೊಂದಿಲ್ಲ. ಬುತ್ತಿಯಲ್ಲಿ ಖಡಕ್ ರೊಟ್ಟಿ, ಶೇಂಗಾ ಮತ್ತು ಗುರೆಳ್ಳು ಚಟ್ನಿಗಳು, ಮಾದಲಿ. ಇವು ವಾರವಾದರೂ ಕೆಡುವುದಿಲ್ಲ, ಒಲೆಯನ್ನೂ ಬೇಡುವುದಿಲ್ಲ. ನಮ್ಮ ಹಿರಿಯ ಗೃಹಿಣಿಯರು ಪ್ರವಾಸಶಾಸ್ತ್ರವನ್ನು ರೊಟ್ಟಿಯಲ್ಲಿಯೇ ಬರೆದಿಟ್ಟಿದ್ದಾರೆಂದು ನಮಗೆ ಅನೇಕ ಸಲ ಅನ್ನಿಸಿದೆ.

ಸಾಲೋಟಗಿಯಲ್ಲಿ ನಾವು ಹಟದಿಂದ ಗಾಡಿ ನಿಲ್ಲಿಸಿದೆವು. ಜೀವಮಾನವೆಲ್ಲ ಸಂಸ್ಕೃತ ಕಲಿಸಿದವನು ಆ ಊರನ್ನು ಸುಮ್ಮನೆ ದಾಟಿ ಹೋಗಲಾರ. ಕ್ರಿ. ಶ. 945ರ ಶಾಸನವೊಂದು ಇಲ್ಲಿದ್ದ ವಿದ್ಯಾಶಾಲೆಯನ್ನು ವರ್ಣಿಸುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅದನ್ನು ಕಟ್ಟಿಸಿದನು; ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು; ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟಿದ್ದರು. ಮದುವೆಯಾದ ಮನೆಯವರು ಶಾಲೆಗೆ ಐದು ನಾಣ್ಯ ಕೊಡತಕ್ಕದ್ದೆಂದೂ ಕಟ್ಟಳೆಯಿತ್ತು. ಎಷ್ಟು ದೂರದ ಹುಡುಗರು ಎಷ್ಟು ದಿನ ನಡೆದು ಇಲ್ಲಿಗೆ ಬಂದಿರಬೇಕು! ನಾವು ಇನ್ನೂ ಹೇಳುವವರಿದ್ದೆವು. ಅಷ್ಟರಲ್ಲಿ ಅಕ್ಕನು ಒಳಗಿನಿಂದ, "ಬಿಸಿಲು ಏರೇದೋ ತಮ್ಮಾ, ಪಾಠ ಸಾಕು," ಎಂದಳು. ಬೆಳಗಿನ ಐದರಿಂದ ಹತ್ತರವರೆಗೆ ಓಟ, ಹತ್ತರಿಂದ ಐದರವರೆಗೆ ಮರದ ನೆರಳು ಎಂದು ನಾವೇ ಮಾಡಿದ ನಿಯಮ.

ಆ ರಾತ್ರಿ ಸಿಂದಗಿಯಲ್ಲಿ ನಮ್ಮ ಹಳೆಯ ಶಿಷ್ಯರೊಬ್ಬರು ಮುಖ್ಯೋಪಾಧ್ಯಾಯರಾಗಿರುವ ಶಾಲೆಯ ಬಯಲಿನಲ್ಲಿ, ಅವರ ಅನುಮತಿಯಿಂದ ಬಿಡಾರ ಮಾಡಿದೆವು. ಒಡೆಯರನ್ನು ಕೇಳದೆ ಎಲ್ಲಿಯೂ ಇಳಿಯಬಾರದು. ಕೇಳಿದರೆ ನಮ್ಮ ಕಡೆಯವರು ಇಲ್ಲವೆನ್ನುವುದಿಲ್ಲ, ಮೇಲೆ ಒಂದು ತಂಬಿಗೆ ಮಜ್ಜಿಗೆಯನ್ನೂ ಕೊಡುತ್ತಾರೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ, ಮೂತಿ ರಸ್ತೆಯ ಕಡೆಗಿರುವಂತೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಬೇಕು. ಒಣಗಿದ ಕೊಂಬೆಯ ಕೆಳಗೆ ಬೇಡ, ಹಳ್ಳದ ಪಾತ್ರದಲ್ಲಂತೂ ಸರ್ವಥಾ ಬೇಡ; ಮೇಲೆಲ್ಲಿಯೋ ಬಿದ್ದ ಮಳೆ ಇಲ್ಲಿ ರಾತ್ರಿಯಲ್ಲಿ ಬಂದೀತು. ಕೆಳಗೆ ಬಿಟ್ಟ ಚಪ್ಪಲಿಗಳನ್ನು ಬೆಳಿಗ್ಗೆ ಝಾಡಿಸಿಯೇ ಮೆಟ್ಟಬೇಕು. ಚೇಳುಗಳ ವಿಷಯವಾಗಿ ನಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳುವುದೇನಿದೆ?

ಸೆಖೆ ವಿಪರೀತವಾಗಿತ್ತು. "ಮಾಮಾ, ಇಂಜಿನ್ ಚಾಲೂ ಇಟ್ಟು ಎ.ಸಿ. ಹಾಕೂಣಲ್ರೀ? ಅವ್ವಗ ತಂಪಾಗ್ತದ," ಎಂದು ಅಳಿಯನು ಕೇಳಿದನು. ಈ ಒಂದು ವಿಷಯದಲ್ಲಿ ನಾವು ಕಠಿಣರಾದೆವು. ನಿಂತ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವನಿಗೆ ಎಚ್ಚರವೇ ಆಗುವುದಿಲ್ಲ. ಮುಚ್ಚಿದ ಗಾಡಿಯಲ್ಲಿ ಗ್ಯಾಸಿನ ಒಲೆ, ಇದ್ದಲಿನ ಅಗ್ಗಿಷ್ಟಿಕೆ ಉರಿಸುವುದೂ ಅದೇ ಅಪಾಯ. ಒಲೆ ಹೊರಗೆ, ಸಿಲಿಂಡರಿನ ತಿರುಪು ಪ್ರತಿ ಸಲವೂ ಬಂದು, ಕಿಡಕಿಗಳು ಎರಡೂ ಕಡೆಗೆ ತೆರೆದು ಅದಕ್ಕೆ ಸೊಳ್ಳೆಯ ಪರದೆ. ಅಕ್ಕನ ಮೇಲೆ ನೀರಿನಲ್ಲಿ ಹಿಂಡಿದ ತೆಳ್ಳನೆಯ ಸೀರೆಯನ್ನು ಹೊದಿಸಿದೆವು. ಆಕೆ ನಮ್ಮೆಲ್ಲರಿಗಿಂತ ಮೊದಲು ನಿದ್ರಿಸಿದಳು.

ಮರುದಿನ ತಾಳಿಕೋಟೆಯ ಮಾರ್ಗ. ಮೊದಲು ಮುದ್ದೇಬಿಹಾಳದೊಳಗಿದ್ದ ತಾಳಿಕೋಟೆ, ಬಾಗೇವಾಡಿಯೊಳಗಿದ್ದ ನಿಡಗುಂದಿ, ಕೊಲ್ಹಾರಗಳು ಈಗ ತಾವೇ ತಾಲ್ಲೂಕುಗಳಾಗಿವೆ. ಆದರೆ ನಮ್ಮ ನಾಲಿಗೆಗೆ ಹಳೆಯ ನಾಲ್ಕು ಹೆಸರುಗಳೇ ರೂಢಿ. ಡೋಣಿ ನದಿಯ ಎರಡೂ ಕಡೆಗೆ ಕಣ್ಣು ಹರಿಯುವವರೆಗೂ ಎರಿಯ ಭೂಮಿ, ಬೇಸಗೆಯಲ್ಲಿ ಕಾಲು ಹೋಗುವಷ್ಟು ಅಗಲಕ್ಕೆ ಬಿರಿದಿತ್ತು. ಡೋಣಿ ಒಲಿದ ವರ್ಷ ಓಣಿಯಲ್ಲೆಲ್ಲ ಕಾಳೆಂದು ಈ ಕಡೆಯವರು ಅಭಿಮಾನದಿಂದ ಹೇಳುತ್ತಾರೆ. ಆದರೆ ನದಿಯ ನೀರು ಉಪ್ಪು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ರೇಡಿಯೇಟರಿಗೆ ಇಂತಹ ಸವುಳು ನೀರನ್ನಾಗಲಿ ಕೊಳವೆ ಬಾವಿಯ ಗಡಸು ನೀರನ್ನಾಗಲಿ ಹಾಕಿದರೆ, ನೀರು ಕಾಯಿಸುವ ಹಂಡೆಯೊಳಗೆ ಬಿಳಿಯ ಪೊರೆ ಕಟ್ಟುವಂತೆಯೇ ಅದರ ನಾಳಗಳಲ್ಲಿಯೂ ಕಟ್ಟಿ, ಇಂಜಿನು ಕಾದು ಕೆಡುತ್ತದೆ. ಕೂಲಂಟನ್ನು ಮನೆಯಿಂದಲೇ ಒಯ್ಯಬೇಕು. ಕಾದ ರೇಡಿಯೇಟರಿನ ಮುಚ್ಚಳವನ್ನು ಅವಸರದಿಂದ ತಿರುವಿ ಮುಖ ಸುಟ್ಟುಕೊಂಡವರನ್ನು ನಾವು ಬಲ್ಲೆವು. ಮುಟ್ಟಿದರೆ ಕೈಗೆ ಹಿತವಾಗುವಷ್ಟು ಆರುವವರೆಗೆ ಕಾಯಿರಿ. ಎಲೆ ಅಡಿಕೆ ಹಾಕಿಕೊಳ್ಳಿರಿ.

ಮುದ್ದೇಬಿಹಾಳದಲ್ಲಿ ಎರಡನೆಯ ರಾತ್ರಿ. 1565ರಲ್ಲಿ ವಿಜಯನಗರದ ಭಾಗ್ಯವನ್ನು ಮುರಿದ ರಣರಂಗಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳು ಕೃಷ್ಣೆಯ ತೀರದಲ್ಲಿ ಇಲ್ಲಿಗೆ ದೂರವಿಲ್ಲ. ಹುಡುಗನಿಗೆ ಅದನ್ನು ತೋರಿಸುವ ಆಸೆಯಿತ್ತು. ಆದರೆ ಬೆಳಗಾಗುವುದರೊಳಗೆ ಬೇರೆಯ ಚಿಂತೆ ಗಂಟುಬಿದ್ದಿತು. ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಇಂಜಿನಿನ ಕೆಳಗೆ ಹಳೆಯ ವೃತ್ತಪತ್ರಿಕೆಯೊಂದನ್ನು ಹಾಸಿ ಮಲಗುವುದು ನಮ್ಮ ಪದ್ಧತಿ. ಆ ಬೆಳಿಗ್ಗೆ ಅದರ ಮೇಲೆ ಅಂಗೈಯಗಲದ ಕಪ್ಪು ಕಲೆಯಿತ್ತು. ಬಣ್ಣದ ನೀರಾಗಿದ್ದರೆ ಕೂಲಂಟು, ಬರಿಯ ನೀರಾದರೆ ಎ.ಸಿ.ಯದು, ಚಿಂತೆಯಿಲ್ಲ, ಕಪ್ಪಾಗಿ ಜಿಡ್ಡಾಗಿದ್ದರೆ ಇಂಜಿನಿನ ಎಣ್ಣೆ. ಹೊರಡುವ ಮುನ್ನ ಎಣ್ಣೆ ಬದಲಿಸಿದ ಗ್ಯಾರೇಜಿನವರು, ಅದು ಯಾವುದೆಂದು ಹೇಳುವುದು ಬೇಡ, ಕೆಳಗಿನ ತಿರುಪನ್ನು ಪೂರ್ಣ ಬಿಗಿದಿರಲಿಲ್ಲ. ಅಳತೆಯ ಕಡ್ಡಿಯನ್ನು ಒರೆಸಿ, ಇಳಿಸಿ ನೋಡಿದರೆ ಎಣ್ಣೆ ಕೆಳಗಿನ ಗೆರೆಗೆ ಬಂದಿತ್ತು. ಹಾಗೆಯೇ ಓಡಿಸಿದ್ದರೆ ಇಂಜಿನು ಹಿಡಿದು ನಿಲ್ಲುತ್ತಿತ್ತು, ಅಕ್ಕನ ಊರು ಮತ್ತೆ ಒಂದು ವರ್ಷ ನೀರಿನಲ್ಲಿ ಮುಳುಗುತ್ತಿತ್ತು. ಅಳಿಯನು ಕೆಳಗೆ ತೂರಿ ತಿರುಪನ್ನು ಬಿಗಿದು, ಎಣ್ಣೆ ಸುರಿದನು. ತಂದೆಯವರ ಕಂದೀಲು ನೆನಪಾಯಿತು.

ಇನ್ನೆರಡು ಮಾತು ಬ್ಯಾಟರಿಯನ್ನು ಕುರಿತು. ರಾತ್ರಿಯ ಬೆಳಕಿಗೆ, ಪಂಖಕ್ಕೆ ಗಾಡಿಯ ಬ್ಯಾಟರಿಯನ್ನು ಹಿಂಡಿದರೆ ಬೆಳಿಗ್ಗೆ ಇಂಜಿನು ಏಳುವುದಿಲ್ಲ. ಚಾರ್ಜು ಮಾಡುವ ದೀಪ, ಚಾರ್ಜು ಮಾಡುವ ಪಂಖ ಬೇರೆಯಾಗಿಯೇ ಇರಲಿ. ತುದಿಗಳಲ್ಲಿ ಬಿಳಿಯ ಅಥವಾ ಹಸುರಾದ ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡಿಗೆಯ ಸೋಡಾ ಕಲಸಿದ ಬಿಸಿನೀರಿನಿಂದ ತಿಕ್ಕಿ, ಒರೆಸಿ, ಬಿಗಿದು, ಮೇಲೆ ವ್ಯಾಸಲೀನು ಸವರಬೇಕು. ಸೋಡಾ ಬ್ಯಾಟರಿಯ ಒಳಗೆ ಬೀಳಬಾರದು.

ಆಲಮಟ್ಟಿಯಲ್ಲಿ ಜನರು ಉದ್ಯಾನವನ್ನು ನೋಡಲು ಇಳಿದರು. ಅಕ್ಕನು ಇಳಿಯಲಿಲ್ಲ. 123 ಟಿ.ಎಂ.ಸಿ. ನೀರು ಹಿಡಿಯುವ ಆ ಕಟ್ಟಿನ 26 ಬಾಗಿಲುಗಳನ್ನು ಗಾಡಿಯ ಕಿಡಕಿಯಿಂದಲೇ ಎಣಿಸಿ, "ಇಷ್ಟ ಬಾಗಿಲಾ ಇದಕ? ನಮ್ಮ ಮನಿಗಿ ಒಂದ ಇತ್ತು," ಎಂದಳು. ನಮ್ಮ ಮನೆಯವರು ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಕೃಷ್ಣೆಯ ನೀರಿನಿಂದ ಎಷ್ಟೋ ಒಣಭೂಮಿ ಹಸುರಾಗಿದೆ. ನಮ್ಮ ಹೊಲದ ನೆರೆಯವರೂ ಕಾಲುವೆಯ ನೀರನ್ನು ಕಾಣುತ್ತಿದ್ದಾರೆ. ಅಕ್ಕನಿಗೂ ಅದು ತಿಳಿಯದ ವಿಷಯವಲ್ಲ.

ಬಸವನ ಬಾಗೇವಾಡಿಯನ್ನು ಸಂಜೆಗೆ ಮುಟ್ಟಿದೆವು. ಬಸವಣ್ಣನವರ ಜನ್ಮಸ್ಥಾನವೆಂದು ನಾಡೆಲ್ಲ ಕೈಮುಗಿಯುವ ಊರು. ಬಸವ ಜಯಂತಿಯ ತೋರಣಗಳು ಇನ್ನೂ ಬಾಡಿರಲಿಲ್ಲ. ದರ್ಶನ ಮಾಡಿ, ಊರ ಹೊರಗೆ ಪರಿಚಿತರ ಕಣದಲ್ಲಿ ಇಳಿದುಕೊಂಡೆವು. ರಾತ್ರಿ ಕೃತ್ತಿಕೆಯ ಅಡ್ಡ ಮಳೆಯೊಂದು ಗುಡುಗಿನೊಂದಿಗೆ ಅರ್ಧ ಗಳಿಗೆ ಹೊಡೆದು ಹೋಯಿತು. ತಂಪಾಯಿತೆಂದು ಎಲ್ಲರೂ ಹಿಗ್ಗಿದರು. ಎರಿಯ ಭೂಮಿಯ ಮೇಲೆ ಮಳೆ ಬಿದ್ದರೆ ಗಾಡಿಯನ್ನು ಡಾಂಬರಿನಿಂದ ಕೆಳಗಿಳಿಸಬಾರದೆಂಬುದು ನಮಗೆ ಗೊತ್ತಿಲ್ಲದೆ ಇರಲಿಲ್ಲ.

ನಾಲ್ಕನೆಯ ದಿನ ಹೊಸ ಊರನ್ನು ದಾಟಿ ನೀರಿನ ಅಂಚಿಗೆ ಬಂದೆವು. ರಸ್ತೆ ಮುಗಿಯಿತು. ಮುಂದೆ ಅರ್ಧ ಮೈಲಿನಾಚೆ, ಬಿಳಿಚಿದ ಕೆಸರಿನ ಬಯಲಿನಲ್ಲಿ, ಹಳೆಯ ಗೋಡೆಗಳ ಗೆರೆಗಳು ಕಂಡವು. ಅಕ್ಕನು ಎದ್ದು ಕುಳಿತಳು. ನೆಲ ಮೇಲೆ ಒಣಗಿ ಹಪ್ಪಳದಂತೆ ಕಾಣುತ್ತಿತ್ತು. ಅಳಿಯನು ನಮ್ಮ ಮುಖ ನೋಡಿದನು. ಇಳಿದು ನಡೆದು, ಕೋಲಿನಿಂದ ಚುಚ್ಚಿ ಪರೀಕ್ಷಿಸಬೇಕಾಗಿತ್ತು. ಹಾಗೆಂದು ನಾವೇ ಮೂರು ದಿನಗಳಿಂದ ಉಪದೇಶಿಸುತ್ತ ಬಂದಿದ್ದೆವು. "ಸ್ವಲ್ಪ ಮುಂದೆ ತೆಗೆದುಕೊ," ಎಂದುಬಿಟ್ಟೆವು. ನೂರು ಹೆಜ್ಜೆ ಹೋಗಲಿಲ್ಲ. ಮುಂದಿನ ಚಕ್ರಗಳು ಹಪ್ಪಳವನ್ನು ಮುರಿದು ಅಚ್ಚಿನವರೆಗೆ ಕುಸಿದವು. ತಪ್ಪು ಅಳಿಯನದಲ್ಲ, ನಮ್ಮದು.

ಇಂತಹ ಸಮಯದಲ್ಲಿ ಚಕ್ರವನ್ನು ರಭಸದಿಂದ ತಿರುಗಿಸಿದಷ್ಟೂ ಅದು ತನ್ನ ಗುಣಿಯನ್ನು ತಾನೇ ತೋಡಿಕೊಳ್ಳುತ್ತದೆ. ಭಾರವನ್ನು ಇಳಿಸಿ, ಚಕ್ರದ ಮುಂದಿನ ಮತ್ತು ಹಿಂದಿನ ಕೆಸರನ್ನು ಸಲಿಕೆಯಿಂದ ತೆಗೆದು, ಹತ್ತಿಯ ಕಟ್ಟಿಗೆ, ತೊಗರಿಯ ಕಟ್ಟಿಗೆ, ಗೋಣಿಚೀಲಗಳನ್ನು ತುರುಕಿ, ಬಂದ ದಾರಿಯಿಂದಲೇ ಮೆಲ್ಲನೆ ಹಿಂದೆ ಸರಿಯಬೇಕು. ನಾವು ಇದನ್ನೆಲ್ಲ ಮಾಡಿದೆವು; ಎರಿಯ ಮಣ್ಣು ಬಿಡಲಿಲ್ಲ. ಮೇಲೆ ಮತ್ತೆ ಮೋಡ ಕವಿಯುತ್ತಿತ್ತು. ಅಕ್ಕನು ಗೋಡೆಗಳ ಕಡೆಗೆ ನೋಡುತ್ತಿದ್ದಳೇ ಹೊರತು ಒಂದು ಮಾತನ್ನೂ ಆಡಲಿಲ್ಲ. ನಮಗೆ ಅದೇ ಹೆಚ್ಚು ಕಠಿಣವಾಯಿತು.

ದೂರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಹುಡುಗರು ಬಂದರು, ನೋಡಿದರು, ಓಡಿದರು. ಹೊಸ ಊರಿನಿಂದ ಹಿರಿಯರೊಬ್ಬರು ನಾಲ್ಕು ಜನ ತರುಣರೊಡನೆ ಹೊರಸೊಂದನ್ನು ಹೊರಿಸಿಕೊಂಡು ಬಂದರು. ಅಕ್ಕನ ಮುಖ ನೋಡಿ, "ಯಾಕ ವೈನಿ, ನನ್ನ ಗುರುತು ಹತ್ತಲಿಲ್ಲೇನು?" ಎಂದರು. ಹತ್ತಿತು. "ಗಾಡಿ ಆಮ್ಯಾಲ ತೆಗಿಯೂಣ್ರೀ ಮಾಸ್ತರ್ರ, ಟ್ರ್ಯಾಕ್ಟರ್ ಬರ್ತದ. ಮಳಿ ಬರೂದ್ರಾಗ ವೈನೀನ್ನ ಮನಿಗಿ ಮುಟ್ಟಸೂಣು," ಎಂದು ಆಕೆಯನ್ನು ಹೊರಸಿನ ಮೇಲೆ ಕೂರಿಸಿಕೊಂಡು ನಡೆದರು. ಮನೆಗೆ ಮುಟ್ಟಿಸುವುದೆಂದೇ ಅವರು ಅಂದದ್ದು.

ಗೋಡೆಗಳೆಲ್ಲವೂ ಒಂದೇ ತರ. ಅಕ್ಕನು ಎರಡು ಮನೆಗಳ ಮುಂದೆ ಇಳಿಸಿಸಿ, ಅಲ್ಲವೆಂದು ತಲೆಯಲ್ಲಾಡಿಸಿದಳು. ಮೂರನೆಯದರಲ್ಲಿ ನೆಲದೊಳಗೆ ಹುಗಿದ ಒಳ್ಳೊಂದರ ಅಂಚು ಕೆಸರಿನಿಂದ ಮೇಲೆದ್ದಿತ್ತು. ತೊಲೆ, ಬಾಗಿಲುಗಳನ್ನು ಕಿತ್ತು ಒಯ್ದವರು ಒಳ್ಳುಕಲ್ಲನ್ನು ಬಿಟ್ಟು ಹೋಗಿದ್ದರು. ಆಕೆ ಅದರ ಪಕ್ಕದಲ್ಲಿ ಕುಳಿತು, ಮೊದಲು ಬೆರಳಿನಿಂದ, ಆಮೇಲೆ ಸೆರಗಿನಿಂದ ಒಳಗಿನ ಹೂಳನ್ನು ತೆಗೆಯತೊಡಗಿದಳು. ಅಂಚಿನಲ್ಲಿ ಚಿಪ್ಪು ಹಾರಿದ ಜಾಗವನ್ನು ತಡವಿ ನೋಡಿ ಮಗನನ್ನು ಕರೆದು, "ಇದು ನೀ ಸಣ್ಣವಿದ್ದಾಗ ಹಾರಿ ಹೊಡದದ್ದು. ನಿಮ್ಮಪ್ಪನ ಕಡಿಂದ ಬೈಸಿಕೊಂಡಾಕಿ ನಾನು," ಎಂದಳು. ಅಳಿಯನು ಆಚೆಗೆ ಹೋಗಿ ನಿಂತನು. ಹುಡುಗನು ಡಬ್ಬಿಯಿಂದ ನೀರು ತಂದು ಸುರಿದನು. ಒಳ್ಳು ಕಪ್ಪಾಗಿ ಹೊಳೆಯಿತು. ಒಂದು ಗಳಿಗೆಯ ಮೇಲೆ ಮಳೆಯ ಹನಿ ಬಿದ್ದಾಗ ಆಕೆಯೇ, "ನಡೀರಿ," ಎಂದಳು.

ಟ್ರ್ಯಾಕ್ಟರು ಸಂಜೆಗೆ ಗಾಡಿಯನ್ನು ಎಳೆಯಿತು. ಹಗ್ಗವನ್ನು ಗಾಡಿಯ ಕೊಂಡಿಗೆ ಕಟ್ಟಬೇಕಲ್ಲದೆ ಬಂಪರಿಗೆ ಕಟ್ಟಬಾರದು; ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಮಣ್ಣು ಒಣಗಿ ಕಲ್ಲಾಗುವ ಮೊದಲು ಚಕ್ರ, ಬ್ರೇಕುಗಳನ್ನು ತೊಳೆದು, ರಸ್ತೆಗೆ ಬಂದೊಡನೆ ಮೆಲ್ಲಗೆ ಎರಡು ಮೂರು ಸಲ ಬ್ರೇಕು ಒತ್ತಿ ಒಣಗಿಸಿಕೊಂಡೆವು. ಹೊಸ ಊರಿನವರು ಹಣವನ್ನು ಮುಟ್ಟಲಿಲ್ಲ. ರಾತ್ರಿ ಊಟಕ್ಕೆ ನಿಲ್ಲಿಸಿಕೊಂಡರು. ಮರುದಿನ ಕೊಲ್ಹಾರದಲ್ಲಿ ಪ್ರಸಿದ್ಧವಾದ ಗಡಿಗೆಯ ಮೊಸರನ್ನು ಕೊಂಡು, ವಿಜಯಪುರದ ಮೇಲಿಂದ ಇಂಡಿಗೆ ಮರಳಿದೆವು.

ಗಾಡಿ ಈಗ ಅಂಗಳದಲ್ಲಿ ನೆರಳಿಗೆ ನಿಂತಿದೆ. ನಿಂತ ಗಾಡಿಯೇ ಬೇಗ ಕೆಡುತ್ತದೆ. ಹದಿನೈದು ದಿನಕ್ಕೊಮ್ಮೆ ಅದನ್ನು ನಾಲ್ಕಾರು ಮೈಲಿ ಓಡಿಸಬೇಕು. ಕಾಳಿನ ಒಂದು ಕಣವನ್ನೂ ಒಳಗೆ ಉಳಿಸಬಾರದು, ಇಲಿಗಳು ಬಂದು ತಂತಿಗಳನ್ನು ಕಡಿಯುತ್ತವೆ. ಗಾದಿ, ಹಲಗೆಗಳನ್ನು ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇವೆ. ಬರುವ ವೈಶಾಖಕ್ಕೆ ಊರಿನವರಿಗೆ ತೊಂದರೆ ಕೊಡದೆ ಮನೆಯ ಹೊರಸನ್ನೇ ಗಾಡಿಯ ಮೇಲೆ ಕಟ್ಟಿಕೊಂಡು ಹೋಗಬೇಕೆಂದು ಅಕ್ಕನ ಆಜ್ಞೆಯಾಗಿದೆ. ಛಾವಣಿಯ ಮೇಲೆ ಭಾರ ಹೇರುವುದು ನಮ್ಮ ನಿಯಮಕ್ಕೆ ವಿರುದ್ಧ. ಹಗ್ಗ ಮಾತ್ರ ಹೊಸದು ತಂದಿಟ್ಟಿದ್ದೇವೆ.